ಶಿವರಾತ್ರಿಯವರೆಗೆ ನೀರಿಲ್ಲ

ಎದುರು ಮನೆ ದೊಡ್ಡವ್ವನ ಬಲಗೈ ಹೆಬ್ಬೆರಳಿನ ಉಗುರೊಂದೇ ಉದ್ದ. ಮಲ್ಲಿಗೆ ತೊಟ್ಟಿನ ರಸ ಕುಡಿದು ಕುಡಿದು ಅದು ಕಂದುಬಣ್ಣಕ್ಕೆ ತಿರುಗಿತ್ತು. ಮೊಗ್ಗು ಬಿಡಿಸುವುದಕ್ಕೆ, ಕುಡಿ ಚಿವುಟುವುದಕ್ಕೆ, ಕೀಟಲೆ ಮಾಡಿದ ನಮ್ಮ ತೊಡೆ ಜಿಗುಟುವುದಕ್ಕೆ, ಎಲ್ಲಕ್ಕೂ ಅದೇ ಆಯುಧ.

ಕೈಲಾಂಚ ಹೋಬಳಿಯ ನಮ್ಮೂರ ಬೀದಿಯಲ್ಲಿ ಯಾವ ಹುಡುಗಿಯ ಮದುವೆಯಾದರೂ ಮೊಗ್ಗಿನ ಜಡೆ ಹೊಲಿಯುತ್ತಿದ್ದವಳು ದೊಡ್ಡವ್ವನೇ. ಬಾಳೆಪಟ್ಟೆಯ ಮೇಲೆ ಮೊಗ್ಗುಗಳನ್ನು ಸಾಲಾಗಿ ಹೊಲಿದು ಹೆಣ್ಣಿನ ಜಡೆಗೆ ಕಟ್ಟಿದಳೆಂದರೆ ಮುಗಿಯಿತು, ಬಂದವರು ಗಂಡಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮೊಗ್ಗು ಮಾತ್ರ ಅವಳ ಬಚ್ಚಲ ಪಕ್ಕದ ದುಂಡುಮಲ್ಲಿಗೆ ಗಿಡದ್ದೇ ಆಗಬೇಕು. ಪೇಟೆ ಹೂವೆಂದರೆ ಮೂಗು ಮುರಿಯುತ್ತಿದ್ದಳು. ಪಕ್ಕದಲ್ಲಿ ಕೂತು ಒಂದೊಂದೇ ಮೊಗ್ಗು ಎತ್ತಿಕೊಡುತ್ತಿದ್ದ ನನಗೆ ಗಂಡನಿಗಿಂತ ಆ ಜಡೆಯ ಮೇಲೇ ಆಸೆ.

ಅದೇ ಗಿಡವನ್ನು ಚಳಿಗಾಲದಲ್ಲಿ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಕಾರ್ತಿಕ ಕಳೆದ ಮೇಲೆ ದೊಡ್ಡವ್ವ ಬಚ್ಚಲ ನೀರನ್ನು ಬೇರೆ ಕಡೆ ತಿರುಗಿಸುವಳು. ರೆಂಬೆ ಸವರಿ, ಉಳಿದ ಎಲೆಗಳನ್ನೂ ಕೈಯಲ್ಲೇ ಬೋಳಿಸಿ, ಬುಡದ ಮಣ್ಣು ಬಿಡಿಸಿ ಬಿಸಿಲಿಗೆ ಬಿಡುವಳು. ಅಲ್ಲಿಂದ ಶಿವರಾತ್ರಿಯವರೆಗೆ ತೊಟ್ಟು ನೀರಿಲ್ಲ. ಪಾಪ ಅಂತ ಯಾರಾದರೂ ಚೊಂಬು ಎತ್ತಿದರೆ ಕೆಟ್ಟ ಕೋಪ.

“ಮಲಗಿರೋರ ಬಾಯಿಗೆ ಮುದ್ದೆ ತುರುಕ್ತೀರೇನವ್ವಾ?” ಅನ್ನುತ್ತಿದ್ದಳು.

ಬಿಡದಿಯ ಕಾರ್ಖಾನೆ ಬಸ್ಸು ನಮ್ಮೂರ ಕ್ರಾಸಿಗೂ ಬರತೊಡಗಿದ್ದ ಕಾಲ ಅದು. ದೊಡ್ಡವ್ವನಿಗೆ ಒಬ್ಬಳೇ ಮಗಳು. ಆ ಅಕ್ಕ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಅವಳನ್ನು ಮದುವೆಯಾದ ಅಕ್ಕೂರಿನ ಭಾವ ಕಾರ್ಖಾನೆ ಕೆಲಸ ಹಿಡಿದು ಅತ್ತೆ ಮನೆಯಲ್ಲೇ ನಿಂತಿದ್ದ. ಅದೇ ವರ್ಷ ವೈಶಾಖಕ್ಕೆ ನನ್ನ ಮದುವೆಯೂ ಗೊತ್ತಾಗಿತ್ತು.

ಸಂಕ್ರಾಂತಿ ಬಂತು. ಬೀದಿಯಲ್ಲಿ ಎತ್ತುಗಳು ಕಡಿಮೆಯಾಗಿದ್ದರೂ ಸಂಜೆ ಕಿಚ್ಚು ಹಾಯಿಸುವುದು ನಿಂತಿರಲಿಲ್ಲ. ಬೆಂಕಿಗೆಂದು ಮನೆಮನೆಯಿಂದ ಹುಲ್ಲು, ಒಣಕಡ್ಡಿ ಕೊಡಬೇಕು. ಅತ್ತೆ ಮನೆಯಲ್ಲಿ ಭಾವನಿಗೆ ಮೊದಲ ಸಂಕ್ರಾಂತಿ, ಹುರುಪೋ ಹುರುಪು. ಬಚ್ಚಲ ಪಕ್ಕದಲ್ಲಿ ಒಂದೆಲೆಯೂ ಇಲ್ಲದ ಗಿಡ ಕಣ್ಣಿಗೆ ಬಿತ್ತು, ಸತ್ತಿದೆ ಎಂದುಕೊಂಡು ಮಚ್ಚು ಬೀಸಿಬಿಟ್ಟ. ದೊಡ್ಡವ್ವ ಎಳ್ಳು ಬೀರಿ ಬರುವಷ್ಟರಲ್ಲಿ ಎತ್ತುಗಳು ಅವಳ ಮಲ್ಲಿಗೆಯನ್ನು ಹಾರಿಯೂ ಆಗಿತ್ತು. ಉಳಿದಿದ್ದು ಗೇಣುದ್ದದ ಮೋಟುಗಳು.

ನಾನು ಗೋಳೋ ಎಂದು ಅತ್ತೆ. ವಿಷಯ ತಿಳಿದ ಭಾವ ಊಟ ಬಿಟ್ಟು ಹಿತ್ತಿಲಲ್ಲಿ ಕೂತ. ಅಳಿಯನಿಗೆ ಒಂದು ಮಾತು ಆಡುವ ಹಾಗಿಲ್ಲವಲ್ಲ, ಬೀದಿಯ ಹೆಂಗಸರೆಲ್ಲ ದೊಡ್ಡವ್ವನ ಮುಖವನ್ನೇ ನೋಡುತ್ತಿದ್ದರು. ಅವಳು ಕುಕ್ಕರುಗಾಲಲ್ಲಿ ಕೂತು ಒಂದು ಮೋಟನ್ನು ಕೆರೆದು ನೋಡಿದಳು. ಸಿಪ್ಪೆಯೊಳಗೆ ಹಸಿರಿತ್ತು.

“ನಿಮ್ಮೂರಲ್ಲಿ ಇಪ್ಪುನೇರ್ಳೆ ಬುಡಕ್ಕೆ ಕುಯ್ದ್ರೆ ಸತ್ತೋಯ್ತದಾ? ಇದೂ ಅಂಗೇಯಾ. ಎದ್ದು ಉಣ್ಣಿ,” ಅಂದಳು ಭಾವನಿಗೆ. ಅಷ್ಟೇ. ಅಂಥ ದೊಡ್ಡ ಮನಸ್ಸು ನನಗಂತೂ ಏಳು ಜನ್ಮಕ್ಕೂ ಬರುವುದಿಲ್ಲ.

ಮೋಟಿನ ಸುತ್ತ ರಾಗಿಹುಲ್ಲು ಹೊದಿಸಿ ಕಾದಳು. ಮದುವೆ ಹತ್ತಿರ ಬಂತು, ನೀರಾದರೂ ಉಯ್ಯಿ ಎಂದು ನಮ್ಮವ್ವ ಕೊಡ ಹಿಡಿದುಕೊಂಡೇ ಹೋದಳು. ಮದುವೆ ನಿಮಗೆ, ಗಿಡಕ್ಕಲ್ಲ ಎಂದು ದೊಡ್ಡವ್ವ ಅವಳನ್ನು ಕೊಡದ ಸಮೇತ ವಾಪಸ್ಸು ಕಳಿಸಿದಳು. ಚಳಿ ಶಿವಶಿವ ಅನ್ನುತ್ತಾ ಹೋದ ಮೇಲೇ ಗೊಬ್ಬರ ಹಾಕಿ ನೀರು ಬಿಟ್ಟಿದ್ದು. ಯುಗಾದಿ ಹೊತ್ತಿಗೆ ಮೋಟಿನ ತುಂಬ ಚಿಗುರು.

ಮದುವೆಯ ವಾರ ಓಡಿಹೋಗಿ ನೋಡುತ್ತೇನೆ, ಹೊಸ ಕುಡಿಗಳ ತುದಿಯಲ್ಲಿ ಬಂದಿದ್ದ ಒಂದು ಹಿಡಿ ಮೊಗ್ಗನ್ನು ದೊಡ್ಡವ್ವ ಚಿವುಟಿ ಚಿವುಟಿ ಬಿಸಾಡುತ್ತಿದ್ದಾಳೆ! ಮುಡಿಗಾದರೂ ಆಗುತ್ತಿತ್ತಲ್ಲ ಎಂದು ಜಗಳಕ್ಕೆ ನಿಂತೆ.

“ಎಳೇದು ಕಣವ್ವ, ಈಗ್ಲೇ ಹೂ ಹೊರುಸಿದ್ರೆ ಸೊರಗೋಯ್ತದೆ. ಒಸಿ ತಡಿ. ನಿನ್ನ ಸೀಮಂತಕ್ಕೆ ಹೊಲಿತೀನಿ.”

ಮದುವೆಗೆ ರಾಮನಗರದ ಪೇಟೆ ಜಡೆ ತಂದೆವು. ಅದನ್ನೂ ದೊಡ್ಡವ್ವನೇ ಕಟ್ಟಿದಳು, ಒಂದು ಕೊಂಕು ಮಾತಾಡದೆ.

ಆ ಕಾರ್ತಿಕದಲ್ಲಿ ಅವಳು ಹಾಸಿಗೆ ಹಿಡಿದಳು. ತಿಂಗಳು ಕಳೆದದ್ದೇ ಜಗಲಿ ಮೇಲೆ ಒರಗಿಕೊಂಡು ಹೇಳಿಕೊಡುತ್ತಾ ಭಾವನ ಕೈಯಿಂದಲೇ ಎಲೆ ಬೋಳಿಸಿದಳಂತೆ. ಧನುರ್ಮಾಸದಲ್ಲಿ ತೀರಿಕೊಂಡಳು. ಊರಿಗೆಲ್ಲ ಹೂ ಮುಡಿಸಿದವಳ ಮೈಮೇಲೆ ಹಾಕಲು ಅವಳ ಗಿಡದಲ್ಲಿ ಒಂದು ಮೊಗ್ಗೂ ಇರಲಿಲ್ಲ. ಪೇಟೆಯಿಂದ ಚೆಂಡುಹೂವು ತರಿಸಿದೆವು. ಬಸುರಿ ಹೆಣ ನೋಡಬಾರದು ಎಂದು ನನ್ನನ್ನು ಹತ್ತಿರ ಬಿಡಲಿಲ್ಲ.

ಚೈತ್ರದಲ್ಲಿ ಚನ್ನಪಟ್ಟಣದ ಗಂಡನ ಮನೆಯಲ್ಲಿ ನನಗೆ ಸೀಮಂತ. ಬೆಳಿಗ್ಗೆ ಭಾವ ಅಕ್ಕನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಅಕ್ಕನ ಮಡಿಲಲ್ಲಿ ಒದ್ದೆ ಬಟ್ಟೆಯ ಗಂಟು. ಬಿಚ್ಚಿ ಸುರಿದರೆ ಮೊರದ ತುಂಬ ಮೊಗ್ಗು.

“ಅತ್ತೆ ಸತ್ರು ಅಂತ ಗಿಡಾನೂ ಒಣಗುಸ್ತಾವ್ನೆ ಅಂತ ಊರೆಲ್ಲ ಬೈದ್ರು,” ಅಂದ ಭಾವ. “ಶಿವರಾತ್ರಿಗಂಟ ಒಂದ್ ತೊಟ್ಟು ನೀರು ಬುಡ್ಲಿಲ್ಲ ಕಣವ್ವ.”

ಹೊಲಿಯುವವರು ಯಾರು? ದಿನವಿಡೀ ಗಾರ್ಮೆಂಟ್ಸಿನಲ್ಲಿ ದುಡಿದು ಬರುವ ಅಕ್ಕ ಮನೆಯಲ್ಲಿ ಸೂಜಿ ಮುಟ್ಟಿದವಳೇ ಅಲ್ಲ. ನಾನೇ ಬಾಳೆಪಟ್ಟೆ ತರಿಸಿಕೊಂಡು, ಏಳು ತಿಂಗಳ ಹೊಟ್ಟೆ ಹೊತ್ತು ಗೋಡೆಗೆ ಒರಗಿ ಕೂತೆ. ಅಕ್ಕ ಮೊಗ್ಗು ಎತ್ತಿಕೊಟ್ಟಳು. ಮೊದಲ ಸಾಲು ಸೊಟ್ಟಗಾಯಿತು. ಎರಡನೆಯದರಿಂದ ಕೈ ತಾನೇ ನಡೆಯಿತು.

ಹೊಲಿದದ್ದನ್ನು ನನ್ನ ಜಡೆಗೆ ಕಟ್ಟಿ ಅಕ್ಕ ಬೆನ್ನ ಮೇಲಿನ ಮೊಗ್ಗುಗಳನ್ನು ಸವರಿದಳು. “ನಮ್ಮವ್ವ ಬಂದ್ಲು ಕಣೇ,” ಅಂದಳು. ಹಸೆಗೆ ಕರೆಯುತ್ತಿದ್ದರು. ನಾವಿಬ್ಬರೂ ಏಳಲಿಲ್ಲ.