ನಕಲಿನಲ್ಲಿ ಮಾತ್ರ ಇದ್ದ ಸಾಲು

ಅಸಲಿನಲ್ಲಿ ಇಲ್ಲದ್ದು ನಕಲಿನಲ್ಲಿ ಇರಲು ಸಾಧ್ಯವಿಲ್ಲ. ಹದಿನಾರು ವರ್ಷಗಳಿಂದ ಈ ಒಂದು ಮಾತನ್ನು ನಂಬಿಯೇ ನಾನು ಅನ್ನ ತಿನ್ನುತ್ತಿದ್ದೇನೆ. ದೆವ್ವ, ಶಕುನ, ಗಾಳಿ ಸೋಕಿತು ಎಂದು ಯಾರಾದರೂ ಹೇಳಿದರೆ ಎದುರಿಗೇ ನಕ್ಕು ಮುಖಭಂಗ ಮಾಡಿದವನು ನಾನು. "ನಿನ್ ಬಾಯಿ ಸರೀಗಿಲ್ಲ ಕಣ್ಲಾ" ಎಂದು ನಾಗಮಂಗಲದ ನನ್ನ ಸೋದರಮಾವ ಎಷ್ಟು ಸಲ ಬೈದಿದ್ದಾರೋ. ಹಾಗಾಗಿ ಇದನ್ನು ಬರೆಯಲು ಕುಳಿತಾಗ ಸ್ವಲ್ಪ ನಾಚಿಕೆಯೇ ಆಗುತ್ತಿದೆ. ನಗುವುದಾದರೆ ನಗಿ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನನ್ನ ಕೆಲಸ ಡೇಟಾಬೇಸ್ ನೋಡಿಕೊಳ್ಳುವುದು. ಕರೆಂಟು ಕೊಡುವವರ ಕೆಲವು ಕಚೇರಿಗಳ ದಾಖಲೆ ನಮ್ಮ ಸುಪರ್ದಿಗೆ ಬಂದಿತ್ತು. ಅಸಲು ಶ್ರೀರಂಗಪಟ್ಟಣದಲ್ಲಿ. ಅಲ್ಲಿನ ಯಂತ್ರಕ್ಕೆ ಏನಾದರೂ ಆದರೆ ಇರಲಿ ಎಂದು ಅದರ ನಕಲು ಕೆ.ಆರ್. ಪೇಟೆಯಲ್ಲಿ. ಶ್ರೀರಂಗಪಟ್ಟಣದಲ್ಲಿ ಒಂದು ಅಕ್ಷರ ಬದಲಾದರೆ ಕ್ಷಣ ಮಾತ್ರದಲ್ಲಿ ಪೇಟೆಯಲ್ಲೂ ಬದಲಾಗುತ್ತದೆ. ಆದರೆ ಪೇಟೆಯ ನಕಲಿನಲ್ಲಿ ಯಾರೂ ನೇರವಾಗಿ ಬರೆಯುವಂತಿಲ್ಲ. ಅದು ಓದುವುದಕ್ಕೆ ಮಾತ್ರ.

ಆ ದಾಖಲೆಗಳಲ್ಲಿ ಮುಖ್ಯವಾದದ್ದು ಲೈನ್ ಕ್ಲಿಯರ್ ಪುಸ್ತಕ. ಕಂಬ ಹತ್ತುವ ಮೊದಲು ಲೈನ್‌ಮನ್ ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಲೈನ್ ಕ್ಲಿಯರ್ ತೆಗೆದುಕೊಳ್ಳುತ್ತಾನೆ. ಅಲ್ಲಿನವರು ಆ ಲೈನಿನ ಕರೆಂಟು ತೆಗೆದು, ಅವನ ಹೆಸರು ಬರೆದುಕೊಳ್ಳುತ್ತಾರೆ. ಕೆಲಸ ಮುಗಿಸಿ ಇಳಿದ ಮೇಲೆ ಅವನೇ ಫೋನ್ ಮಾಡಿ ವಾಪಸ್ ಕೊಡಬೇಕು, ಆಮೇಲೆಯೇ ಮತ್ತೆ ಕರೆಂಟು ಬಿಡುವುದು. ತೆಗೆದುಕೊಂಡವನೇ ಕೊಡಬೇಕು, ಅವನ ಬಾಯಿಂದಲೇ ಬರಬೇಕು. ಹೆಂಡತಿ ಹೇಳಿದರೂ ಇಲ್ಲ, ಸಾಹೇಬರು ಹೇಳಿದರೂ ಇಲ್ಲ. ಕಂಬದ ಮೇಲಿರುವವನ ಜೀವ ಆ ಒಂದು ಸಾಲಿನಲ್ಲಿರುತ್ತದೆ.

ಆ ದಿನಗಳಲ್ಲಿ ಒಂದು ತಕರಾರು ಎದ್ದಿತ್ತು. ಪುಸ್ತಕದಲ್ಲಿ ಯಾರೋ ಹೊತ್ತು ತಿದ್ದಿದ್ದರು. ಕೇಳಿದರೆ ಎಲ್ಲರೂ ನಾನಲ್ಲ ನಾನಲ್ಲ ಎನ್ನುವವರೇ. ಇನ್ನು ಮೇಲೆ ಯಾರು ಏನು ಬದಲಾಯಿಸಿದರೂ ಅವರ ಹೆಸರು, ಹೊತ್ತು, ಕಾರಣ ಮೂರೂ ತಾನಾಗಿ ದಾಖಲಾಗಬೇಕು ಎಂದು ಅಪ್ಪಣೆಯಾಯಿತು. ಅದಕ್ಕೆ ಆಡಿಟ್ ಲಾಗ್ ಎನ್ನುತ್ತಾರೆ. ಹಿಂದಿನ ದಿನ ಶ್ರೀರಂಗಪಟ್ಟಣದಲ್ಲಿ ಅದನ್ನು ಕೂರಿಸಿದೆ. ಹೆಸರಿನ ಜಾಗ ಖಾಲಿ ಬಿಟ್ಟರೆ ಸಾಲೇ ಉಳಿಯದಂತೆ ಕಟ್ಟುಮಾಡಿದ್ದೆ. ಹೆಸರಿಲ್ಲದೆ ನನ್ನಪ್ಪನೂ ಬರೆಯಲಾರ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಮಾರನೆಯ ದಿನ, ಆ ಲಾಗ್ ನಕಲಿಗೂ ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ಪೇಟೆಗೆ ಹೋದೆ.

ನಕಲಿನ ಯಂತ್ರ ಇದ್ದದ್ದು ಅಲ್ಲಿನ ಕಚೇರಿಯ ಹಿಂದೆ, ಹಳೆಯ ಮೀಟರುಗಳನ್ನು ಗುಡ್ಡೆ ಹಾಕಿದ್ದ ಕೋಣೆಯಲ್ಲಿ. ಮಧ್ಯಾಹ್ನ ಊಟ ಮುಗಿಸಿ ಬಂದು ನನ್ನ ಲ್ಯಾಪ್‌ಟಾಪ್ ಸಿಕ್ಕಿಸಿ ಕುಳಿತಿದ್ದೆ. ಬೆಳಿಗ್ಗೆಯೆಲ್ಲ ಜೋರು ಗಾಳಿ ಬೀಸಿ ಅಲ್ಲಲ್ಲಿ ತಂತಿ ಹರಿದಿದ್ದರಿಂದ ಸಾಲುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಎಲ್ಲವೂ ಅಚ್ಚುಕಟ್ಟಾಗಿತ್ತು. "ಮಂಜುನಾಥ, ಲೈನ್ ಕ್ಲಿಯರ್ ವಾಪಸ್" ಎಂದು ಒಂದು ಸಾಲು ಬಂತು. ಬರೆದವರ ಹೆಸರು ಸುಧಾಮಣಿ, ಅಂದರೆ ಹೊಳೆ ಕಡೆಯ ಸಬ್‌ಸ್ಟೇಷನ್ನಿನ ಆಪರೇಟರ್. ಅದರ ಕೆಳಗೇ ಇನ್ನೊಂದು ಸಾಲು ಬಂತು. ಹೆಸರಿನ ಜಾಗ ಖಾಲಿ. ಕಾರಣದ ಜಾಗದಲ್ಲಿ, "ಇಳ್ದಿಲ್ಲ ಕಣ್ಲಾ. ಇನ್ನೂ ಕಂಬದ ಮ್ಯಾಲೇ ಅವ್ನೆ."

ನಿಜ ಹೇಳಿಬಿಡುತ್ತೇನೆ. ಆಗ ನನಗೆ ಭಯವಾಗಲಿಲ್ಲ, ಮೈಯೆಲ್ಲ ಉರಿಯಿತು. ನಿನ್ನೆ ತಾನೇ ಕೂರಿಸಿದ ಕಟ್ಟುಪಾಡನ್ನು ಇವತ್ತೇ ಯಾರೋ ಮುರಿದಿದ್ದಾರೆ, ಅದೂ ಕಚೇರಿಯ ದಾಖಲೆಯಲ್ಲಿ ಕಣ್ಲಾ ಅಂತೆ! ಸೀದಾ ಸುಧಾಮಣಿಗೆ ಫೋನ್ ಹಚ್ಚಿದೆ. ಆ ಕಂಬದ ಮೇಲಿನವನಿಗಾಗಿ ಫೋನ್ ಮಾಡಿದೆ ಎಂದು ಹೇಳಿಕೊಳ್ಳಲು ನನಗೂ ಆಸೆಯಿದೆ. ಆದರೆ ನಾನು ಮಾಡಿದ್ದು ಬೈಯುವುದಕ್ಕೆ.

"ಏನಮ್ಮಾ, ಹೆಸರು ಹಾಕದೆ ಹಂಗೆಲ್ಲಾ ಬರೆಯೋದಾ?"

"ನಾನೇನ್ ಬರ್ದೆ ಸಾ? ವಾಪಸ್ ಅಂತ ಒಂದೇ ಬರ್ದಿದ್ದು. ಲೈನ್ ಚಾರ್ಜ್ ಮಾಡಕೆ, ಕರೆಂಟ್ ಬುಡಕೆ ಎದ್ದಿದೀನಿ, ಇರಿ, ಆಮ್ಯಾಲೆ ಮಾಡ್ತೀನಿ."

"ಹಾಗಿದ್ರೆ ಇದ್ಯಾರು ಬರೆದಿದ್ದು? ಇಳ್ದಿಲ್ಲ ಕಣ್ಲಾ, ಇನ್ನೂ ಕಂಬದ ಮ್ಯಾಲೇ ಅವ್ನೆ..."

"ಯಾರು ಸಾ?" ಎಂದಳು. ಮಂಜುನಾಥ ಎಂದೆ. "ಅಯ್ಯಯ್ಯೋ, ಯಾವ ಮಂಜುನಾಥ?" ಎಂದವಳೇ ಫೋನನ್ನು ಮೇಜಿನ ಮೇಲೆ ಇಟ್ಟು ಇನ್ನೊಂದು ಫೋನಿನಿಂದ ಯಾರಿಗೋ ಕರೆ ಮಾಡಿದಳು. ಸ್ಪೀಕರಿಗೆ ಹಾಕಿದ್ದಳು. ರಿಂಗಾಗುವುದು ನನಗೂ ಕೇಳಿಸುತ್ತಿತ್ತು. ಒಮ್ಮೆ ಪೂರ್ತಿ ಬಡಿದುಕೊಂಡು ನಿಂತಿತು. ಮತ್ತೆ ಮಾಡಿದಳು. ಎಷ್ಟೋ ಹೊತ್ತಾದ ಮೇಲೆ ಒಂದು ಗಂಡು ದನಿ, ಸಿಡುಕಿನಿಂದ, "ಏನವ್ವಾ ನಿಂದು? ಕಂಬದ ಮ್ಯಾಲಿವ್ನಿ, ಆಮ್ಯಾಕೆ ಮಾಡು" ಎಂದಿತು.

ಸುಧಾಮಣಿ ಅಳತೊಡಗಿದಳು. ಆ ಲೈನಿಗೆ ಅವಳಿನ್ನೂ ಕರೆಂಟು ಬಿಟ್ಟಿರಲಿಲ್ಲ.

ಆಗಿದ್ದು ಇಷ್ಟೇ. ಆ ದಿನ ಲೈನ್ ಕ್ಲಿಯರ್ ತೆಗೆದುಕೊಂಡ ಮಂಜುನಾಥರು ಇಬ್ಬರು. ಪಾಂಡವಪುರದ ಕಡೆಯ ಮಂಜುನಾಥ ಇಳಿದು ವಾಪಸ್ ಕೊಟ್ಟಿದ್ದ. ಅವಳು ಪುಸ್ತಕದಲ್ಲಿ ವಾಪಸ್ ಎಂದು ಬರೆದು ಮುಚ್ಚಿದ್ದು ಅಕ್ಕಿಹೆಬ್ಬಾಳಿನ ಕಡೆ ಕಂಬದ ಮೇಲಿದ್ದ ಮಂಜುನಾಥನದು. ನಮ್ಮ ಕಡೆ ಒಂದು ಕಲ್ಲು ಎಸೆದರೆ ಇಬ್ಬರು ಮಂಜುನಾಥರಿಗೆ ತಾಕುತ್ತದೆ ಬಿಡಿ. ಬೆಳಿಗ್ಗೆಯಿಂದ ಅವಳಿಗೆ ಕಾಫಿ ಕುಡಿಯಲೂ ಪುರುಸೊತ್ತಿರಲಿಲ್ಲ. ಅವಳನ್ನು ದೂರಲು ನನಗೆ ಮನಸ್ಸಿಲ್ಲ.

ಆಮೇಲೆ ನಾನು ಅಸಲನ್ನು ತೆರೆದು ನೋಡಿದೆ. ಶ್ರೀರಂಗಪಟ್ಟಣದಲ್ಲಿ ಆ ಸಾಲು ಇರಲಿಲ್ಲ. ಸುಧಾಮಣಿಯ ಸಾಲಿದೆ, ಅದಾದ ಮೇಲೆ ಏನೂ ಇಲ್ಲ. ಅಳಿಸಿದ ಗುರುತೂ ಇಲ್ಲ. ಪೇಟೆಯ ನಕಲಿನಲ್ಲಿ ಮಾತ್ರ ಇತ್ತು. ಆ ಯಂತ್ರಕ್ಕೆ ಕೀಬೋರ್ಡೇ ಇರಲಿಲ್ಲ, ಅದಕ್ಕೆ ಲ್ಯಾಪ್‌ಟಾಪ್ ಸಿಕ್ಕಿಸಿಕೊಂಡಿದ್ದವನು ನಾನೊಬ್ಬನೇ. ನಾನೇ ಮೈಮರೆತು ಬರೆದೆನೇ ಎಂದೂ ಯೋಚಿಸಿದ್ದೇನೆ. ಬರೆಯಲು ಹೊರಟರೂ ಅದು ಬರೆಸಿಕೊಳ್ಳುವುದಿಲ್ಲ, ಪ್ರಯತ್ನಿಸಿ ನೋಡಿದೆ. ಅಲ್ಲದೆ ಅಕ್ಕಿಹೆಬ್ಬಾಳಿನ ಕಂಬದ ಮೇಲೆ ಯಾರಿದ್ದಾರೆಂದು ನನಗೇನು ಗೊತ್ತು? ನಮ್ಮ ಮೇಲಿನವರಿಗೆ ಹೇಳಿದಾಗ, "ತಾಂತ್ರಿಕ ದೋಷ ಅಂತ ಬರೆದು, ಅಸಲಿನಿಂದ ಹೊಸ ನಕಲು ಮಾಡಿ ಆ ಸಾಲು ತೆಗೆದುಬಿಡಿ" ಎಂದರು. ತಾಂತ್ರಿಕ ದೋಷ ಎಂದು ಬರೆದೆ. ಸಾಲು ತೆಗೆಯಲು ಕೈ ಬರಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ಅಕ್ಕಿಹೆಬ್ಬಾಳಿನ ಕಡೆಯ ಮಂಜುನಾಥ ನನ್ನನ್ನು ಹುಡುಕಿಕೊಂಡು ಪೇಟೆಗೆ ಬಂದ. ಐವತ್ತು ದಾಟಿದ, ಒಣಕಲು ಮೈಯ ಮನುಷ್ಯ. ಸುಧಾಮಣಿ ಎಲ್ಲವನ್ನೂ ಹೇಳಿದ್ದಳಂತೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದು, ಆ ಸಾಲು ತೋರಿಸಿ ಎಂದ. ತೋರಿಸಿದೆ. ಬೆರಳಿಟ್ಟು ನಿಧಾನವಾಗಿ ಎರಡು ಸಲ ಓದಿದ.

"ಯಾರ್ ಸಾ ಬರ್ದೋರು? ಅವ್ರಿಗೊಂದು ಕೈ ಮುಗ್ದು ಓಗಣ ಅಂತ ಬಂದೆ."

ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗುವಂತೆ ಮಾಡಲೆಂದೇ ಸಂಬಳ ತೆಗೆದುಕೊಂಡವನು ನಾನು. "ಗೊತ್ತಿಲ್ಲ ಮಂಜಣ್ಣ" ಎಂದೆ.

ಅವನು ತಲೆ ಕೆರೆದುಕೊಂಡ. "ಅಂಗಾರೆ ಅವ್ರು ನಾನಿನ್ನೂ ಮ್ಯಾಲೇ ಇವ್ನಿ ಅಂತ್ಲೇ ಅಂದ್ಕಂಡವ್ರಲ್ಲಾ ಸಾ. ಇಳ್ದೆ ಅಂತ ಯೋಳ್ಬ್ಯಾಡ್ವಾ? ಒಂದ್ ಸಾಲು ಬರೀರಿ."

"ಇದು ನಕಲು ಕಣಣ್ಣ. ಇದರಲ್ಲಿ ಬರೆಯೋಕೆ ಆಗಲ್ಲ."

"ಅವ್ರಿಗೆ ಅದೆಂಗಾಯ್ತು?" ಎಂದ. ಅವನು ಇನ್ನು ನನ್ನನ್ನು ಕೇಳಲಿಲ್ಲ. ಪರದೆಯ ಎದುರಿಗೆ ನೆಟ್ಟಗೆ ನಿಂತು, ಸಬ್‌ಸ್ಟೇಷನ್‌ಗೆ ಫೋನಿನಲ್ಲಿ ಹೇಳುವ ಅದೇ ದೊಡ್ಡ ದನಿಯಲ್ಲಿ ಹೇಳಿದ. "ಅಕ್ಕಿಹೆಬ್ಬಾಳ್ ಕಡೆ ಲೈನು. ಮಂಜುನಾಥ ಮಾತಾಡ್ತಿರೋದು. ಜನ, ಸಾಮಾನು ಎಲ್ಲಾ ಕೆಳಗವೆ. ನಾನು ಇಳ್ದಿವ್ನಿ. ಲೈನ್ ಕ್ಲಿಯರ್ ವಾಪಸ್."

ಕೈ ಮುಗಿದು, ಚಪ್ಪಲಿ ಮೆಟ್ಟಿ ಹೊರಟುಹೋದ. ನಾನು ಪರದೆ ನೋಡುತ್ತಾ ಕುಳಿತೆ. ಅವನ ಮಾತಿಗೆ ಏನಾದರೂ ಬಂದೀತೆಂದು ಕಾದೆ, ಸುಳ್ಳೇಕೆ ಹೇಳಲಿ. ಕಚೇರಿಯ ಬಾಗಿಲು ಹಾಕುವವರೆಗೂ ಕಾದೆ. ಏನೂ ಬರಲಿಲ್ಲ. ಅವನು ಕೂಗಿ ಹೇಳಿದ್ದು ಯಾರಿಗಾದರೂ ಕೇಳಿಸಿತೋ ಇಲ್ಲವೋ, ನಾನು ಇವತ್ತಿಗೂ ಅರಿಯೆ.