ಏರಿನ ಮೇಲೆ ಮಾತು ಹಿಡಿಯುವವಳು

"ಜೆರೋಟಿಚ್ ಅತ್ತೆ ಓಡೋದೇ ಇಲ್ವಲ್ಲಮ್ಮಾ, ಮತ್ತೆ ದಿನಾ ಬೆಳಿಗ್ಗೆ ಯಾಕೆ ಓಡೋ ಶೂ ಹಾಕ್ಕೊಂಡು ಬಾಗಿಲಲ್ಲಿ ಕೂತ್ಕೋತಾಳೆ?"

ಗಂಜಿ ಬಟ್ಟಲು ಮುಂದಿಟ್ಟುಕೊಂಡು ನನ್ನ ಮಗಳು ಜೆಮೆಲಿ ಕೇಳಿದಳು. ಕಾಲು ಬೆಚ್ಚಗಿರಲಿ ಅಂತ, ನೀನು ಗಂಜಿ ಕುಡಿ ಅಂದೆ. ಮಗುವಿಗೆ ಅಷ್ಟು ಸಾಕಾಯಿತು. ನನಗೆ ಸಾಲಲಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಜೆರೋಟಿಚ್ ನಮ್ಮ ಪಕ್ಕದ ಮನೆಯವಳು. ನಮ್ಮ ಈ ಗುಡ್ಡದೂರು ಇಟೆನ್‌ನಲ್ಲಿ ಓಡುವವರಿಗೇನು ಬರ, ಯಾವ ಬೀದಿಗೆ ಹೋದರೂ ಸಿಗುತ್ತಾರೆ. ಆದರೆ ಅವಳ ಕೆಲಸ ಬೇರೆ ಥರದ್ದಾಗಿತ್ತು. ದೂರದೇಶದ ಮ್ಯಾರಥಾನ್‌ಗಳಲ್ಲಿ ಗೆಲ್ಲಬೇಕಾದ ಹೆಂಗಸಿನ ಮುಂದೆ ಓಡುವುದು, ಗಾಳಿಗೆ ತಾನು ಎದೆಯೊಡ್ಡಿ ಅವಳಿಗೆ ವೇಗ ಹಿಡಿದುಕೊಡುವುದು, ಮುಕ್ಕಾಲು ದಾರಿ ಮುಗಿದ ಮೇಲೆ ಪಕ್ಕಕ್ಕೆ ಸರಿದು ನಿಂತುಬಿಡುವುದು. ಗೆದ್ದವರ ಫೋಟೊದಲ್ಲಿ ಅವಳಿರುತ್ತಿರಲಿಲ್ಲ. ಬೇಸರ ಆಗ್ತಿರಲಿಲ್ವಾ ಅಕ್ಕಾ ಎಂದು ಒಮ್ಮೆ ಕೇಳಿದ್ದೆ.

"ಬೇಸರ ಯಾಕೆ? ನಾನು ನಿಂತು ಬಾಳೆಹಣ್ಣು ತಿಂತಿದ್ದೆ. ಅವರಿನ್ನೂ ಓಡ್ತಾನೇ ಇರೋರು, ಪಾಪ."

ಈಗ ಅವಳು ನಡೆಸುವ ಪಾಡ್‌ಕಾಸ್ಟ್ ಹುಟ್ಟಿದ್ದೂ ಆ ಕೆಲಸದಿಂದಲೇ. ಇನ್ನೊಬ್ಬಳ ಉಸಿರಿಗೆ ತನ್ನ ಹೆಜ್ಜೆ ಹೊಂದಿಸುವುದು ಅವಳಿಗೆ ಮೈಗೂಡಿದ ವಿದ್ಯೆ. ಊರಲ್ಲಿದ್ದಾಗ, ಹಗುರ ಓಟದ ದಿನಗಳಲ್ಲಿ, ಜೊತೆಗಾತಿಯರು ಅವಳ ಪಕ್ಕ ಓಡುತ್ತಾ ಮನೆಯಲ್ಲಿ ಹೇಳಲಾಗದ್ದನ್ನೆಲ್ಲ ಹೇಳಿಕೊಳ್ಳುತ್ತಿದ್ದರು. ಒಂದು ದಿನ ಒಬ್ಬಳನ್ನು ಒಪ್ಪಿಸಿ, ಫೋನನ್ನು ತೋಳಿಗೆ ಕಟ್ಟಿಕೊಂಡು, ಪುಟ್ಟ ಮೈಕೊಂದನ್ನು ಅವಳ ಕಾಲರಿಗೆ ಸಿಕ್ಕಿಸಿದಳು. ಅದೇ 'ಏರಿನ ಮೇಲೆ ಮಾತು'. ನಾನು ಪಾತ್ರೆ ತೊಳೆಯುವಾಗ ಕೇಳುತ್ತೇನೆ. ಹಾಲು ಕಟ್ಟಿದ ಎದೆಯನ್ನು ಬಿಗಿದುಕೊಂಡು ಓಡಿದವಳು, ಮುಟ್ಟು ನಿಂತದ್ದನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ಓಡಿದವಳು, ತಾನೇ ಗೆದ್ದು ಕಟ್ಟಿಸಿದ ಮನೆಯಿಂದ ಹೊರಬಿದ್ದವಳು. ಹೇಳಿದವಳು ಆಮೇಲೆ ಬೇಡ ಅಂದರೆ ಜೆರೋಟಿಚ್ ಅಳಿಸಿಹಾಕುತ್ತಾಳೆ. ಹಾಗೆ ಅಂದವರು ಕಡಿಮೆ.

ಕೂತವರು ಎದುರಿನವರಿಗೆ ಹಿತವಾಗುವಂತೆ ಮಾತಾಡುತ್ತಾರಂತೆ. ಏರು ಹತ್ತುವವರಿಗೆ ಸುಳ್ಳು ಹೆಣೆಯುವಷ್ಟು ಉಸಿರು ಇರುವುದಿಲ್ಲವಂತೆ. ಅವಳು ಹೇಳುವುದು ಹಾಗೆ.

ಹೋದ ವರ್ಷ ಅವಳ ಸೊಂಟದ ಮೂಳೆ ಬಿರುಕು ಬಿಟ್ಟಿತು. ನಡೆಯಬಹುದು, ಓಡುವುದನ್ನು ಮರೆತುಬಿಡಿ ಅಂದರು ಡಾಕ್ಟರು. ಈಗ ಬೆಳಗಿನ ಗುಂಪುಗಳು ಹಾದುಹೋಗುವ ಹೊತ್ತಿಗೆ ಅವಳು ಬಾಗಿಲಲ್ಲಿರುತ್ತಾಳೆ. ಎಲ್ಲರೂ ಕೈಯೆತ್ತುತ್ತಾರೆ. ಇವಳು ಮುಖ ನೋಡುವುದಿಲ್ಲ, ಕಾಲು ನೋಡುತ್ತಾಳೆ. "ಎಡಗಾಲು ಎಳೀತಿದಾಳೆ ಇವಳು" ಎಂದು ತನಗೆ ತಾನೇ ಗೊಣಗುತ್ತಾಳೆ. ಕೈಯಲ್ಲಿನ ಚಹಾ ಆರಿ ಕೆನೆ ಕಟ್ಟಿರುತ್ತದೆ.

ಕಳೆದ ವಾರ ಸಾಲಿನಾಳನ್ನು ನಮ್ಮ ಅಡುಗೆಮನೆಯಲ್ಲಿ ಕೂರಿಸಿ ಮಾತಾಡಿಸಿದಳು. ಸಾಲಿನಾ ಹೆತ್ತ ಮೇಲೆ ಈಗಷ್ಟೇ ಮತ್ತೆ ಪಂದ್ಯಕ್ಕಿಳಿಯುತ್ತಿರುವ ಹುಡುಗಿ. ಗಂಡನೇ ಅವಳ ತರಬೇತುದಾರ.

"ದೇವರ ದಯೆ. ನಮ್ಮ ಯಜಮಾನ್ರ ಸಹಕಾರ. ಎಲ್ಲಾ ಚೆನ್ನಾಗಿದೆ" ಅಂದಳು ಸಾಲಿನಾ, ಮೈಕನ್ನೇ ನೋಡುತ್ತಾ.

"ಇದನ್ನ ಭಾನುವಾರ ಚರ್ಚಲ್ಲಿ ಹೇಳು ತಾಯಿ, ಚಪ್ಪಾಳೆ ಹೊಡೀತಾರೆ" ಅಂದಳು ಜೆರೋಟಿಚ್.

ಸಾಲಿನಾ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಅಕ್ಕಾ, ನೀನು ದಾರಿಗೆ ಬಂದಿದ್ರೆ ಹೇಳ್ತಿದ್ದೆ. ಇಲ್ಲಿ ಕೂತು ಬಾಯೇ ಬರಲ್ಲ."

ಮರುದಿನ ಜೆರೋಟಿಚ್ ಬಾಡಿಗೆ ಬೈಕಿನ ಹಿಂದೆ ಕೂತು ಸಾಲಿನಾಳ ಪಕ್ಕ ಹೋದಳು. ಸಂಜೆ ನನಗೆ ಕೇಳಿಸಿದಳು. ಸಾಲಿನಾಳ ದನಿಯೇ ಕೇಳದು. ಬರೀ ಇಂಜಿನ್ನಿನ ಗುರುಗುರು, ಅದರ ಮೇಲೆ ಬೈಕಿನವನ ಗಂಟಲು: "ಮಗೂನ ಯಾರ ಹತ್ರ ಬಿಟ್ಟು ಬಂದೆ ತಂಗೀ? ನನ್ನ ಹೆಂಡ್ತೀನೂ ಓಡ್ತೀನಿ ಅಂತಾಳೆ. ಅಡುಗೆ ನಿಮ್ಮಪ್ಪ ಮಾಡ್ತಾನಾ ಅಂದೆ!"

"ಇವನದ್ದೇ ಒಂದು ಕಂತು ಹಾಕಕ್ಕಾ" ಅಂದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಅವಳು ಮೆಲ್ಲಗೆ ಹೇಳಿದಳು: "ಸಾಲಿನಾ ಎಡಕ್ಕೆ ತಿರುಗಿ ಮಾತಾಡ್ತಾಳೆ. ನಾನಾಗಿದ್ರೆ ಎಡಕ್ಕೇ ಇರ್ತಿದ್ದೆ, ಅರ್ಧ ಹೆಜ್ಜೆ ಹಿಂದೆ. ನಮ್ಮ ಮುಖ ಅವರಿಗೆ ಕಾಣಬಾರದು." ಹೇಳುತ್ತಿದ್ದಂತೆ ಮೇಜಿನ ಕೆಳಗೆ ಅವಳ ಪಾದಗಳು ಒಂದಾದ ಮೇಲೊಂದು ಏಳುತ್ತಿದ್ದವು.

"ಕನಸಲ್ಲಾದರೂ ಓಡ್ತೀಯಾ ಅಕ್ಕಾ?"

"ಓಡ್ತೀನಿ. ಅಲ್ಲೂ ಪಕ್ಕಕ್ಕೆ ಸರಿಯೋ ಜಾಗ ಬೇಗ ಬಂದುಬಿಡತ್ತೆ."

ಸಾಲಿನಾ ಈ ವಾರದ ಕೊನೆಗೆ ಗಂಡನ ಜೊತೆ ಪಂದ್ಯಕ್ಕೆ ಪರದೇಶಕ್ಕೆ ಹೊರಡುತ್ತಾಳೆ. ಅಷ್ಟರೊಳಗೆ ಉಳಿದಿರುವುದು ನಾಳಿನ ಹಗುರ ಓಟ ಮಾತ್ರ. ಇವತ್ತು ನಾನು ಬಟ್ಟೆ ಒಣಹಾಕುತ್ತಿದ್ದಾಗ ಜೆರೋಟಿಚ್ ಬೇಲಿ ಹತ್ತಿರ ಬಂದಳು.

"ಜೆಮೆಲಿ ಅಮ್ಮಾ, ನಾಳೆ ಸಾಲಿನಾ ಜೊತೆ ನೀನು ಓಡಬೇಕು."

"ನಾನಾ? ಮತಾತು ವ್ಯಾನು ತಪ್ಪಿಹೋಗ್ತಿದ್ರೂ ಓಡಿ ಹತ್ತದವಳು ನಾನು!"

"ಪಂದ್ಯದ ಮುಂಚಿನ ಹಗುರ ಓಟ, ಅವಳೂ ಮೆಲ್ಲಗೇ ಓಡ್ತಾಳೆ. ಅವಳನ್ನ ಕೇಳಿದೀನಿ, ಒಪ್ಪಿದಾಳೆ. ಜೆಮೆಲೀನ ನಾನು ನೋಡ್ಕೋತೀನಿ. ನೀನು ಏನೂ ಕೇಳೋದು ಬೇಡ. ಎಡಕ್ಕಿರು, ಬಾಯಿ ಮುಚ್ಕೊಂಡಿರು."

"ಅದೇ ಅಲ್ವಾ ನನಗೆ ಕಷ್ಟ."

"ಗೊತ್ತು. ಅದಕ್ಕೇ ಏರಿಗೆ ಕಳಿಸ್ತಿರೋದು."

ಒದ್ದೆ ಬಟ್ಟೆ ನನ್ನ ಹೆಗಲ ಮೇಲಿದ್ದಂತೆಯೇ ಫೋನಿನ ಪಟ್ಟಿಯನ್ನು ನನ್ನ ತೋಳಿಗೆ ಸುತ್ತಿ, ಜಾರದಂತೆ ಬಿಗಿದಳು. ಬಿಗಿದ ಮೇಲೂ ಕೈ ತೆಗೆಯಲಿಲ್ಲ.

"ಇನ್ನೊಂದು" ಅಂದಳು. "ಅವಳು ಹೇಳಿ ಮುಗಿಸಿದ ತಕ್ಷಣ ಇದನ್ನ ನಿಲ್ಲಿಸಬೇಡ. ಸ್ವಲ್ಪ ದೂರ ಹಾಗೇ ಸುಮ್ಮನೆ ಓಡ್ಕೊಂಡು ಬಾ. ಮಣ್ಣಿನ ಮೇಲೆ ಕಾಲು ಬೀಳೋ ಸದ್ದು ಬೇಕು ನನಗೆ. ಪಾಡ್‌ಕಾಸ್ಟಿಗಲ್ಲ."