ವಾರ್ಡಿಗೆ ಗಂಜಿ ಒಯ್ಯುವ ಫರ್ಹಾ

ಬೆಳಗಿನ ಆರು ಗಂಟೆ. ಟಾಲಾದಿಂದ ಹೊರಟ ಲುವಾಸ್ ಟ್ರಾಮಿನಲ್ಲಿ ಫರ್ಹಾ ಮತ್ತು ನಾನು, ಇಬ್ಬರೇ. ಹೊರಗೆ ಮಂಜು. ನಿಲ್ದಾಣಗಳು ತೇಲಿ ಬಂದು, ಯಾರನ್ನೂ ಹತ್ತಿಸದೆ ತೇಲಿ ಹೋಗುತ್ತವೆ. 2021ರ ಫೆಬ್ರುವರಿ, ಲಾಕ್‌ಡೌನಿನ ಡಬ್ಲಿನ್ ಇನ್ನೂ ಕನಸಿನಲ್ಲೇ ಇದೆ. ಇನ್ನೊಂದು ಗಂಟೆಯಲ್ಲಿ ಫರ್ಹಾ ಆಸ್ಪತ್ರೆಯೊಂದರ ಮೂವತ್ತೆರಡು ಹಾಸಿಗೆಗಳಿಗೆ ಚಹಾ, ಟೋಸ್ಟ್, ಓಟ್ಸ್ ಗಂಜಿ ತಲುಪಿಸಬೇಕು.

ತಾಯಿ ಇಸ್ಮತ್ ಬೆಂಗಳೂರಿನವರು, ತಂದೆ ಇರಾಕಿನ ಬಸ್ರಾದವರು. ಫರ್ಹಾ ಹುಟ್ಟಿದ್ದು ಇಲ್ಲೇ. ಕನ್ನಡವನ್ನು ಯಾವ ಅಳುಕೂ ಇಲ್ಲದೆ ಚಿಂದಿ ಮಾಡುವ ಈಕೆಗೆ ಅರೇಬಿಕ್ ಎಂದರೆ ಮಾತ್ರ ದನಿ ಉಡುಗುತ್ತದೆ. ಫರ್ಹಾಗೆ ಆರು ವರ್ಷವಿದ್ದಾಗ ತಂದೆ ತೀರಿಕೊಂಡರು. ಆ ಭಾಷೆ ಅಲ್ಲೇ ನಿಂತಿತು.

“ಕನ್ನಡ ತಪ್ಪಾದ್ರೆ ಅಮ್ಮ ನಗ್ತಾರೆ, ಗ್ರ್ಯಾಂಡ್, ಏನೂ ತೊಂದ್ರೆ ಇಲ್ಲ. ಅರೇಬಿಕ್ ತಪ್ಪಾದ್ರೆ ಬಾಬಾನ ಇನ್ನೊಂದ್ಸಲ ಕಳ್ಕೊಂಡ ಹಾಗಾಗುತ್ತೆ. ಅದಕ್ಕೇ ಬರಲ್ಲ ಅಂದ್ಬಿಡ್ತೀನಿ.” ಬಾಬಾ ಎಂದರೆ ಅಪ್ಪ. ಸಿಬ್ಬಂದಿಗೆ ಗೊತ್ತಿರುವ ಭಾಷೆಗಳನ್ನು ಕೇಳಿ ಆಸ್ಪತ್ರೆ ಪ್ರತಿ ವರ್ಷ ಕೊಡುವ ಹಾಳೆಯಲ್ಲಿ, ಕೆಲಸಕ್ಕೆ ಸೇರಿದ ಆರು ವರ್ಷವೂ ಅರೇಬಿಕ್ ಮುಂದಿನ ಜಾಗವನ್ನು ಫರ್ಹಾ ಖಾಲಿ ಬಿಟ್ಟರು.

ಕಳೆದ ತಿಂಗಳು ವಾರ್ಡಿಗೆ ಸಿರಿಯಾದ ವೃದ್ಧರೊಬ್ಬರು ಬಂದರು. ಮನೆಯವರು ಒಳಗೆ ಬರುವಂತಿಲ್ಲ. ಮೂರು ದಿನ ವೃದ್ಧರು ಊಟವನ್ನೇ ಮುಟ್ಟಲಿಲ್ಲ. ಫೋನಿನಲ್ಲಿ ದುಭಾಷಿ ಶುದ್ಧ ಅರೇಬಿಕ್‌ನಲ್ಲಿ ಬೇಡಿಕೊಂಡರೂ ಗೋಡೆ ಕಡೆ ತಿರುಗಿಬಿಟ್ಟರು. ನಾಳೆ ಮೂಗಿಗೆ ಕೊಳವೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು. ಫರ್ಹಾರ ತಂದೆ ಬಸ್ರಾದವರೆಂದು ಗೊತ್ತಿದ್ದ ಮಂಗಳೂರಿನ ನರ್ಸ್ ಜುಲಿಯಾನಾ ಅವರ ಕೈಗೆ ಚಮಚ ಕೊಟ್ಟರು. “ನಿಂಗೆ ಬರುವಷ್ಟು ಮಾತಾಡು ಮಾರಾಯ್ತಿ.”

“ನಂಗೆ ಬರೋದು ಬಾಬಾ ನಂಗೆ ಊಟ ಮಾಡಿಸ್ತಾ ಹೇಳಿದ್ದಷ್ಟೇ. ಬಾಯಿ ತೆಗಿ ಬಾಬಾ, ಇನ್ನೊಂದೇ ತುತ್ತು ಅಂತ. ಎಂಬತ್ತು ವರ್ಷದವ್ರಿಗೆ ಮಗೂಗೆ ಹೇಳೋ ಹಾಗೆ ಹೇಳ್ಬಿಟ್ಟೆ! ನಾಚ್ಕೆಯಿಂದ ಸತ್ತೇ ಹೋದೆ.” ಆ ಮನೆಗಳಲ್ಲಿ ಅಪ್ಪ ಮಗುವನ್ನೂ ಬಾಬಾ ಎಂದೇ ಕರೆಯುತ್ತಾನೆ, ನಾವು ಪುಟ್ಟ ಮಗಳನ್ನು ಅಮ್ಮಾ ಎನ್ನುವಂತೆ.

ವೃದ್ಧರು ಗೋಡೆಯಿಂದ ಈಚೆ ತಿರುಗಿದರು. ಬಾಯಿ ತೆರೆದರು. ಬಟ್ಟಲು ಬರಿದಾದಾಗ ಫರ್ಹಾರ ಕೈಗವಸು ಹಿಡಿದು, “ಸಾಕು ಬಾಬಾ” ಎಂದರು. ಇಪ್ಪತ್ತನಾಲ್ಕು ವರ್ಷದಿಂದ ಫರ್ಹಾರನ್ನು ಯಾರೂ ಹಾಗೆ ಕರೆದಿರಲಿಲ್ಲ. ಪಾತ್ರೆ ತೊಳೆಯುವ ಕೋಣೆಗೆ ಹೋಗಿ ಅತ್ತರಂತೆ.

ಕೊಳವೆ ಬೇಕಾಗಲಿಲ್ಲ. ಹನ್ನೊಂದನೇ ದಿನ ಅವರು ಮನೆಗೆ ಹೋದರು.

ಇಳಿಯುವ ನಿಲ್ದಾಣ ಬರುತ್ತಿದೆ. ಫರ್ಹಾ ಚೀಲದಿಂದ ಈ ವರ್ಷದ ಹಾಳೆ ತೆಗೆದು ತೋರಿಸುತ್ತಾರೆ. ಇವತ್ತು ಕೊಡಬೇಕಂತೆ. ಅರೇಬಿಕ್ ಮುಂದೆ ನೀಲಿ ಪೆನ್ನಿನಲ್ಲಿ ಬರೆದಿದ್ದಾರೆ: ತುತ್ತು ತಿನ್ನಿಸುವಷ್ಟು ಬರುತ್ತದೆ.